ರಾಕಿ ಭಾಯ್ ಸೂಟು, ಅರಸೀಕೆರೆ ಟೇಪು: ಸಿನಿಮಾ ಹೀರೋಗಳಿಂದ ನಾವು ಕಲಿಯಬೇಕಾದ ಬಟ್ಟೆ ಪಾಠ

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗ ಬೇಲೂರಿನಿಂದ ಅರಸೀಕೆರೆಗೆ ಬಂದಿದ್ದ. ಡಿಗ್ರಿ ಮುಗಿಸಿದ್ದಾನೆ, ಬೆಂಗಳೂರಿನ ಕಂಪನಿಯೊಂದರಲ್ಲಿ ಇಂಟರ್‌ವ್ಯೂ ಇತ್ತು. ನನ್ನನ್ನು ಕರ್ಕೊಂಡು ಸೀದಾ ಟೈಲರ್ ಅಂಗಡಿಗೆ ಹೋದ. ನಮ್ಮಪ್ಪನ ಕಾಲದಿಂದ ನಮ್ಮ ಮನೆಯವರ ಅಳತೆಯೆಲ್ಲ ಬಲ್ಲ ಅಂಗಡಿ ಅದು. ಇವನು ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ: ‘ಕೆಜಿಎಫ್’ನ ರಾಕಿ ಭಾಯ್, ಸೂಟಿನಲ್ಲಿ. “ಇದೇ ಥರ ಬೇಕು.”

ಟೈಲರ್ ಕನ್ನಡಕ ಮೇಲೆತ್ತಿ ಫೋಟೋ ನೋಡಿದರು, ಆಮೇಲೆ ಇವನನ್ನು ನೋಡಿದರು. “ಹೊಲಿಯೋಣ ಕಣಪ್ಪ. ಆದ್ರೆ ಫೋಟೋದ ಅಳತೆ ತಗಳಕ್ಕಾಗಲ್ಲ, ನಿನ್ನ ಅಳತೆ ಕೊಡು.”

ಲೆಕ್ಕ ಹಾಕಿದಾಗ ಬಟ್ಟೆ, ಹೊಲಿಗೆ ಎಲ್ಲ ಸೇರಿ ಹತ್ತಿರತ್ತಿರ ಅರ್ಧ ಕ್ವಿಂಟಾಲ್ ಕೊಬ್ಬರಿ ಮಾರಿದ ದುಡ್ಡು. ನಾನು ಬೇಡ ಅನ್ನೋಕೆ ಹೊರಟೆ. ಅಷ್ಟರಲ್ಲಿ ಅವನೇ ಅಂದ: “ಅಣ್ಣ, ಅಲ್ಲಿಗೆ ಬರೋರೆಲ್ಲ ಬೆಂಗಳೂರಿನೋರು. ಬಾಗಿಲಲ್ಲೇ ನನ್ನ ನೋಡಿ ಹಳ್ಳಿಯೋನು ಅಂತ ತೀರ್ಮಾನ ಮಾಡಬಾರ್ದು.” ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದ: “ಅಪ್ಪನೂ ಜೊತೆಗೆ ಬರ್ತಾರಂತೆ. ಪಂಚೆ ಬೇಡ, ಪ್ಯಾಂಟ್ ಹಾಕ್ಕೊಂಡು ಬನ್ನಿ ಅಂದಿದೀನಿ.”

ಆ ಎರಡನೇ ಮಾತು ಕೇಳಿದ ಮೇಲೆ ನನಗೆ ಇದು ಬರೀ ಫ್ಯಾಷನ್ ವಿಷಯ ಅಲ್ಲ ಅನ್ನಿಸಿತು.

ಸೂಟು ಯಾರದು?

ಸೂಟು ಅಂದರೆ ಹುಟ್ಟು ಶ್ರೀಮಂತರ ಬಟ್ಟೆ, ನಮಗೆ ಒಗ್ಗಲ್ಲ ಎಂಬ ಭಾವನೆ ನಮ್ಮ ಕಡೆ ಇದೆ. ಆದರೆ ತೆರೆಯ ಮೇಲೆ ಆ ಸೂಟಿನೊಳಗೆ ನಿಂತವರು ಯಾರು ಅಂತ ನೋಡಿ.

1962ರ ‘ಡಾಕ್ಟರ್ ನೋ’ ಚಿತ್ರದಲ್ಲಿ ಜೇಮ್ಸ್ ಬಾಂಡ್ ಆದ ಶಾನ್ ಕಾನರಿ ಅದಕ್ಕೂ ಮೊದಲು ಎಡಿನ್‌ಬರೋದಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದವರು. ನಿರ್ದೇಶಕ ಟೆರೆನ್ಸ್ ಯಂಗ್ ಅವರನ್ನು ತನ್ನದೇ ಟೈಲರ್ ಬಳಿ ಕರೆದುಕೊಂಡು ಹೋದರು. ಸೂಟು ಮೈಗೆ ಒಗ್ಗಲಿ ಅಂತ ಅದನ್ನು ಹಾಕಿಕೊಂಡೇ ಮಲಗಲು ಹೇಳಿದ್ದರು ಎಂಬ ಕಥೆ ಇವತ್ತಿಗೂ ಓಡಾಡುತ್ತದೆ. ನಮ್ಮಲ್ಲಿ 1968ರಲ್ಲಿ ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ ಬಂತು, ರಾಜ್‌ಕುಮಾರ್ ಸಿಐಡಿ 999 ಆದರು. ಗಾಜನೂರಿನ ಈ ಮನುಷ್ಯ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿಯಲ್ಲಿ ಬೆಳೆದವರು. ಸೂಟು ಹಾಕಿದ ರಜನಿಕಾಂತ್ ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ರಾಕಿ ಭಾಯ್ ಆದ ಯಶ್ ನಮ್ಮ ಹಾಸನ ಜಿಲ್ಲೆಯವರು, ಸರ್ಕಾರಿ ಬಸ್ ಡ್ರೈವರ್ ಮಗ.

ಹಾಲು ಹಾಕುವವ, ನಾಟಕದ ಹುಡುಗ, ಕಂಡಕ್ಟರ್, ಡ್ರೈವರ್ ಮಗ. ಸೂಟು ಇವರಲ್ಲಿ ಯಾರಿಗೂ ಹುಟ್ಟಿನಿಂದ ಬಂದಿದ್ದಲ್ಲ, ಎಲ್ಲರೂ ಕಲಿತು ಹಾಕಿಕೊಂಡರು. ಕಲಿಯಬಹುದಾದ್ದು ಅಂದಮೇಲೆ ಅದು ಯಾರಪ್ಪನ ಸ್ವತ್ತೂ ಅಲ್ಲ.

‘ಜೇಡರ ಬಲೆ’ಯಲ್ಲಿ ಇನ್ನೊಂದು ಪಾಠವೂ ಇದೆ. ಅದು ಕಪ್ಪು-ಬಿಳುಪು ಸಿನಿಮಾ. ಕೋಟಿನ ಬಣ್ಣ ಏನು, ಟೈ ಯಾವ ಕಲರ್ ಅಂತ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಆದರೂ ರಾಜ್‌ಕುಮಾರ್ ನೀಟಾಗಿ ಕಾಣುತ್ತಾರೆ. ಕಾರಣ ಅಳತೆ ಮತ್ತು ನಿಲುವು. ಬಟ್ಟೆ ಕೊಳ್ಳುವಾಗ ನಾವು ಮೊದಲು ಬಣ್ಣ, ಆಮೇಲೆ ಬ್ರ್ಯಾಂಡ್, ಕೊನೆಗೆ ಅಳತೆ ನೋಡುತ್ತೇವೆ. ಈ ಕ್ರಮ ಪೂರ್ತಿ ಉಲ್ಟಾ ಆಗಬೇಕು.

ಕೋಟು ಹಾಕೋದು, ಅಂಗಿ ಬಿಡೋದು

2016ರಲ್ಲಿ ಪಾ. ರಂಜಿತ್ ನಿರ್ದೇಶಿಸಿದ ‘ಕಬಾಲಿ’ ನೋಡಿದವರಿಗೆ ಇದು ನೆನಪಿರಬಹುದು: ಗಾಂಧಿ ಅಂಗಿ ಬಿಟ್ಟಿದ್ದರ ಹಿಂದೆಯೂ ಅಂಬೇಡ್ಕರ್ ಕೋಟು ಹಾಕಿದ್ದರ ಹಿಂದೆಯೂ ರಾಜಕಾರಣ ಇದೆ ಅನ್ನುವ ಅರ್ಥದ ಮಾತು ಅದರಲ್ಲಿ ಬರುತ್ತದೆ. ಇತಿಹಾಸ ನೋಡಿದರೆ ಆ ಮಾತು ನಿಜ. 1921ರ ಸೆಪ್ಟೆಂಬರ್‌ನಲ್ಲಿ ಮಧುರೈನಲ್ಲಿ ಗಾಂಧಿ ತುಂಡು ಪಂಚೆಗೆ ಇಳಿದರು. ಬಡವರಿಗೆ ಇಲ್ಲದ ಬಟ್ಟೆ ತನಗೆ ಬೇಡ ಎಂಬುದು ಅವರ ನಿಲುವು. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ದಲಿತ ಮಹಿಳೆಯರಿಗೆ ಹೇಳಿದ್ದು ಬೇರೆ: ಉಡುಗೆ ನೋಡಿ ನಿಮ್ಮ ಜಾತಿ ಗುರುತಿಸುವ ಅವಕಾಶ ಕೊಡಬೇಡಿ, ಸೀರೆಯನ್ನು ಮೇಲ್ಜಾತಿಯವರ ಹಾಗೆಯೇ ಪೂರ್ತಿ ಉಡಿ.

ಬಿಡೋಕೆ ಅಂಗಿ ಇದ್ದವರು ಬಿಟ್ಟರೆ ಅದು ತ್ಯಾಗ. ಹಾಕೋಕೆ ಬಿಡದೇ ಇದ್ದವರು ಹಾಕಿದರೆ ಅದು ಹಕ್ಕು. ಗೌಡರ ಮನೆ ಮುಂದೆ ಹಾದುಹೋಗುವಾಗ ಚಪ್ಪಲಿ ಕೈಗೆ ಬರಬೇಕಿತ್ತು, ಹೆಗಲ ಟವೆಲ್ ಸೊಂಟಕ್ಕೆ ಇಳಿಯಬೇಕಿತ್ತು ಅಂತ ನಮ್ಮೂರ ಕಡೆ ವಯಸ್ಸಾದವರು ಈಗಲೂ ಹೇಳುತ್ತಾರೆ. ಇದು ಹಳೇ ಕಾಲದ ಕಥೆ ಅಂದುಕೊಳ್ಳಬೇಡಿ. 2023ರಲ್ಲಿ ಗುಜರಾತಿನ ಬನಾಸಕಾಂಠಾ ಜಿಲ್ಲೆಯಲ್ಲಿ, ಒಳ್ಳೆ ಬಟ್ಟೆ ಮತ್ತು ಕೂಲಿಂಗ್ ಗ್ಲಾಸ್ ಹಾಕಿದ್ದಕ್ಕೆ ದಲಿತ ಯುವಕನೊಬ್ಬನ ಮೇಲೆ ಹಲ್ಲೆ ನಡೆಯಿತು ಎಂದು ಪೊಲೀಸರಿಗೆ ದೂರು ಹೋಯಿತು. ಹಾಗಾಗಿ ‘ಬಟ್ಟೆಯಲ್ಲೇನಿದೆ, ಗುಣ ಮುಖ್ಯ’ ಅನ್ನುವ ಉಪದೇಶ ಕೇಳಿದಾಗೆಲ್ಲ, ಅದನ್ನು ಹೇಳುತ್ತಿರುವವರು ಯಾರು ಅಂತ ಒಂದ್ಸಲ ನೋಡಿ.

ಪಂಚೆಗೆ ಬಾಗಿಲು ಮುಚ್ಚಿದಾಗ

ಸೂಟಿಗಿರುವ ಮರ್ಯಾದೆಯನ್ನು ಕಲಿತವರು ಪಂಚೆಯ ಮರ್ಯಾದೆ ಕಳೆಯಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗಲೂ ಪಂಚೆಯಲ್ಲೇ ಇದ್ದರು. ಅವರ ರಾಜಕೀಯ ಒಪ್ಪೋದು ಬಿಡೋದು ಬೇರೆ ಮಾತು. ಸಿಐಡಿ 999 ಆಗಿ ಸೂಟಿನಲ್ಲಿ ಮಿಂಚಿದ ರಾಜ್‌ಕುಮಾರ್ ಜನರ ಮುಂದೆ ಬರುತ್ತಿದ್ದದ್ದು ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ.

ಆದರೂ 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ, ಬಟ್ಟೆ ಕೊಳೆಯಾಗಿದೆ ಅಂತ ಟಿಕೆಟ್ ಇದ್ದ ರೈತರೊಬ್ಬರನ್ನು ತಡೆದರು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್‌ಗೆ ಮಗನ ಜೊತೆ ಬಂದ ಹಾವೇರಿ ಕಡೆಯ ರೈತರನ್ನು ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ಅಪ್ಪ-ಮಗ ಬಂದಿದ್ದು ಸಿನಿಮಾ ನೋಡೋಕೆ! ಜನ ಪ್ರತಿಭಟಿಸಿದರು, ವಿಧಾನಸಭೆಯಲ್ಲಿ ಚರ್ಚೆಯಾಯಿತು, ಮಾಲ್ ಅನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಮೆಟ್ರೋ ಪ್ರಕರಣದಲ್ಲಿ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು. ಆದರೆ ಬಾಗಿಲಲ್ಲಿ ನಿಲ್ಲುವ ಗಾರ್ಡ್ ಕೂಡ ಕಡಿಮೆ ಸಂಬಳಕ್ಕೆ ದುಡಿಯುವವನೇ. ಯಾರನ್ನು ಅನುಮಾನದಿಂದ ನೋಡಬೇಕು ಅಂತ ಅವನಿಗೆ ಕಲಿಸಿದವರು ಮೇಲೆಲ್ಲೋ ಎಸಿ ರೂಮಿನಲ್ಲಿ ಕೂತಿರುತ್ತಾರೆ.

ಕಲ್ಲಿನಲ್ಲಿರುವ ಗಂಡಸರು

ಇನ್ನೊಂದು ತಪ್ಪು ಕಲ್ಪನೆ: ಅಲಂಕಾರ ಹೆಂಗಸರದು, ಗಂಡಸು ಕನ್ನಡಿ ಮುಂದೆ ಜಾಸ್ತಿ ಹೊತ್ತು ನಿಲ್ಲಬಾರದು. ಇದನ್ನು ನಂಬುವವರು ಒಂದು ಭಾನುವಾರ ಬೇಲೂರು-ಹಳೇಬೀಡಿಗೆ ಬನ್ನಿ. 1117ರಲ್ಲಿ ಪ್ರತಿಷ್ಠಾಪನೆಯಾದ ಚೆನ್ನಕೇಶವ ದೇವಾಲಯದಲ್ಲಿ ಎಲ್ಲರೂ ಫೋಟೋ ತೆಗೆಯೋದು ಕನ್ನಡಿ ಹಿಡಿದ ದರ್ಪಣ ಸುಂದರಿಯದ್ದು. ಸ್ವಲ್ಪ ಪಕ್ಕಕ್ಕೆ ತಿರುಗಿ ಗಂಡು ವಿಗ್ರಹಗಳನ್ನೂ ನೋಡಿ. ಸೊಂಟಕ್ಕೆ ಸುತ್ತಿದ ಬಟ್ಟೆ, ಕೊರಳ ಹಾರ, ತೋಳಬಂದಿ, ಕಿವಿಯೋಲೆ ಎಲ್ಲ ಇದೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ಕಲ್ಲುಗಳ ಮೇಲೆ ಗಂಡಸಿನ ಅಲಂಕಾರಕ್ಕೆ ನಾಚಿಕೆಯ ಸುಳಿವೇ ಇಲ್ಲ. ಹಾಗಂತ ಅದು ರಾಜರು, ದೇವರ ವೈಭವ ಅನ್ನೋದೂ ನಿಜ. ಕಲ್ಲು ಹೊತ್ತ ಕೂಲಿಯವರು ಏನು ಉಟ್ಟಿದ್ದರು ಅನ್ನೋದನ್ನು ಕೆತ್ತಿಸುವ ಆಸಕ್ತಿ ಯಾರಿಗಿತ್ತು?

ಸರಿ, ಹಾಗಾದ್ರೆ ಮಾಡೋದೇನು?

ಟೈಲರ್ ಹತ್ತಿರ ಕೂತು ಕಲಿತಿದ್ದನ್ನು, ಸಿನಿಮಾ ನೋಡಿ ಗಮನಿಸಿದ್ದನ್ನು ಸೇರಿಸಿ ಹೇಳ್ತೀನಿ.

ಮೊದಲು ಭುಜ. ಕೋಟಾಗಲಿ ಶರ್ಟಾಗಲಿ, ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲೇ ಕೂರಬೇಕು. ಸೊಂಟ, ತೋಳಿನ ಉದ್ದ, ಪ್ಯಾಂಟಿನ ಉದ್ದ ಇವನ್ನೆಲ್ಲ ಕಡಿಮೆ ದುಡ್ಡಿನಲ್ಲಿ ಆಲ್ಟರ್ ಮಾಡಿಸಬಹುದು. ಭುಜ ಮಾತ್ರ ಕಷ್ಟ. ಅಂಗಡಿಯಲ್ಲಿ ಭುಜ ಸರಿಯಿಲ್ಲ ಅಂದ್ರೆ ಡಿಸ್ಕೌಂಟ್ ಎಷ್ಟೇ ಇರಲಿ, ವಾಪಸ್ ಇಡಿ.

ಕೋಟಿನ ತೋಳು ಮಣಿಕಟ್ಟಿನ ಹತ್ತಿರ ನಿಂತು, ಒಳಗಿನ ಶರ್ಟಿನ ಅಂಚು ಚೂರು ಕಾಣಬೇಕು. ಕೋಟಿನ ಕೊನೇ ಗುಂಡಿ ಹಾಕಬೇಡಿ. ಪ್ಯಾಂಟು ಶೂ ಮೇಲೆ ಸುಮ್ಮನೆ ತಾಗಬೇಕು, ಮುದುರಿ ಕೂರಬಾರದು.

ಎರಡನೇದು ಹವೆ. ಬೇಲೂರಿನ ಮಳೆ ಬೇರೆ, ಅರಸೀಕೆರೆಯ ಬಿಸಿಲು ಬೇರೆ. ಪೂರ್ತಿ ಪಾಲಿಯೆಸ್ಟರ್ ಬಟ್ಟೆ ಬಿಸಿಲಲ್ಲಿ ಬೆವರು ಹೀರಲ್ಲ. ದಿನಬಳಕೆಗೆ ಹತ್ತಿಯದು, ಇಸ್ತ್ರಿಯ ಕಷ್ಟ ಬೇಡ ಅಂದ್ರೆ ಹತ್ತಿ ಜಾಸ್ತಿ ಇರುವ ಮಿಶ್ರ ಬಟ್ಟೆ. ಪಂಚೆಯಾದರೆ ಅಂಚು ನೇರ ಇಳಿದಿರಲಿ.

ಮೂರನೇದು ಅಭ್ಯಾಸ. ಹೊಸ ಬಟ್ಟೆ, ಹೊಸ ಶೂ ಎರಡನ್ನೂ ಇಂಟರ್‌ವ್ಯೂ ದಿನವೇ ಮೊದಲ ಸಲ ಹಾಕಬೇಡಿ. ಕಾನರಿ ಥರ ಮಲಗೋದು ಬೇಡ, ಎರಡು ದಿನ ಮನೆಯಲ್ಲಿ ಓಡಾಡಿ ಸಾಕು.

ನಾಲ್ಕನೇದು ಕೆಲಸದ ಬಟ್ಟೆಯ ಗೌರವ. 1980ರ ‘ಆಟೋ ರಾಜ’ ಬಂದು ಇಷ್ಟು ವರ್ಷವಾದರೂ ಎಷ್ಟೋ ಆಟೋಗಳ ಮೇಲೆ ಶಂಕರ್‌ನಾಗ್ ಚಿತ್ರ ಇದೆ. ಅವರು ಖಾಕಿ ಹಾಕಿಯೂ ಹೀರೋ ಆಗಿದ್ದರು.

ಕೊನೇದಾಗಿ, ಸಾಲ ಮಾಡಿ ಬಟ್ಟೆ ಬೇಡ. ಸಿನಿಮಾದಲ್ಲಿ ಹೀರೋನ ಬಟ್ಟೆಗೆ ಪ್ರೊಡ್ಯೂಸರ್ ದುಡ್ಡು ಕೊಡ್ತಾರೆ. ನಮ್ಮ ಬಟ್ಟೆಗೆ ಕೊಬ್ಬರಿ ರೇಟು ಕೊಡಬೇಕು.

ತಮ್ಮ ಏನು ಮಾಡಿದ?

ಸೂಟು ಹೊಲಿಸಲಿಲ್ಲ. ಚಿಕ್ಕಪ್ಪನ ಮದುವೆ ಕೋಟು ಟ್ರಂಕಿನಲ್ಲಿತ್ತು, ಅದನ್ನೇ ತಂದ. ಟೈಲರ್ ಅವನಿಗೆ ಹಾಕಿಸಿ ಭುಜ ಮುಟ್ಟಿ ನೋಡಿದರು. “ನಿಮ್ಮಪ್ಪನ ಭುಜನೇ ಬಂದದೆ ನಿಂಗೆ,” ಅಂದರು. ಸೊಂಟ ಹಿಡಿಸಿ, ತೋಳು ಸರಿಮಾಡಿದರೆ ಸಾಕಾಯ್ತು. ಹೊಸದಾಗಿ ಹೊಲಿಸಿದ್ದು ಒಂದು ಪ್ಯಾಂಟು, ಒಂದು ಬಿಳಿ ಶರ್ಟು.

ಅಂಗಡಿಯಿಂದ ಹೊರಗೆ ಬಂದು ಟೀ ಕುಡಿಯುವಾಗ ನಾನು ಆ ಮಾಲ್ ವಿಷಯ ಎತ್ತಿದೆ. “ಆ ಗಾರ್ಡ್ ಮಾಡಿದ ಕೆಲಸಾನ ಮನೆಯಲ್ಲೇ ನೀನು ಮಾಡ್ತಿದೀಯಲ್ಲ?” ಅಂದೆ. ಅವನು ಏನೂ ಹೇಳಲಿಲ್ಲ. ಟೀ ಮುಗಿಸಿ ಬಸ್ ಹತ್ತಿದ.

ಹೊರಡುವ ದಿನ ಅರಸೀಕೆರೆ ಜಂಕ್ಷನ್‌ನಿಂದ ಫೋಟೋ ಕಳಿಸಿದ. ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಮಗನ ಮೈಮೇಲೆ ಅಪ್ಪನ ಕೋಟು. ಪಕ್ಕದಲ್ಲಿ ಚಿಕ್ಕಪ್ಪ, ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ.