ಕಳವಿನ ಮಾಲು: ಬೆಲೆ ಎಷ್ಟು, ಶಿಕ್ಷೆ ಎಷ್ಟು, ವಾಪಸ್ ಎಂದು?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಯಾವ ನ್ಯಾಯಾಲಯಕ್ಕೆ ಹೋದರೂ ಕಳವಿನ ಕೇಸು ಯಾವ ದಾರಿ ಹಿಡಿಯಬೇಕು ಎಂಬುದರಲ್ಲಿ ಎರಡು ಮೊತ್ತಗಳ ಪಾತ್ರ ದೊಡ್ಡದು: 5,000 ರೂಪಾಯಿ ಮತ್ತು 20,000 ರೂಪಾಯಿ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ನಡೆದ ಕಳವುಗಳಿಗೆ ಈ ಲೆಕ್ಕ. ಅದಕ್ಕೂ ಹಿಂದಿನವಕ್ಕೆ ಹಳೆಯ ದಂಡ ಸಂಹಿತೆಯ 379, 380 ಮತ್ತು 411ನೇ ಕಲಂಗಳೇ ಅನ್ವಯ.

ಹೊಸ ಕಾನೂನಿನ 303(2)ನೇ ಕಲಂ ಪ್ರಕಾರ ಸಾಧಾರಣ ಕಳವಿಗೆ 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಎರಡನೇ ಸಲ ಅಪರಾಧ ಸಾಬೀತಾದರೆ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಕಠಿಣ ಸಜೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ತಪ್ಪಿತಸ್ಥನಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ಬೆಲೆ 20,000 ರೂಪಾಯಿ ಮೀರದಿದ್ದರೆ ಸಂಕ್ಷಿಪ್ತ ವಿಚಾರಣೆ. ಅಲ್ಲಿ 3 ತಿಂಗಳಿಗಿಂತ ಹೆಚ್ಚು ಜೈಲು ವಿಧಿಸುವಂತಿಲ್ಲ. ಹಳೆಯ ಕಾನೂನಿನಲ್ಲಿ ಸಂಕ್ಷಿಪ್ತ ವಿಚಾರಣೆಯ ಮಿತಿ 2,000 ರೂಪಾಯಿ ಇತ್ತು. ಅದೀಗ ಹತ್ತು ಪಟ್ಟಾಗಿದೆ.

ಮಾರುಕಟ್ಟೆ ದರ, ಶಿಕ್ಷೆಯ ದರ

ಈ ಭಾಗದಲ್ಲಿ ಬೆಳೆಯ ಬೆಲೆ ಒಂದೇ ಕಡೆ ನಿಲ್ಲುವುದಿಲ್ಲ. 2023ರ ಜುಲೈನಲ್ಲಿ ನೆರೆಯ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬಾಕ್ಸಿಗೆ 2,000 ರೂಪಾಯಿ ಎಂದೇ ಹಿಡಿದರೆ ಮೂರನೇ ಬಾಕ್ಸಿಗೆ 5,000ದ ಗೆರೆ ದಾಟುತ್ತದೆ, ಹನ್ನೊಂದನೆಯದಕ್ಕೆ 20,000ದ ಗೆರೆ. ದರ 150 ರೂಪಾಯಿಗೆ ಕುಸಿದ ದಿನ 33 ಬಾಕ್ಸ್ ಕದ್ದರೂ ಮೊತ್ತ 4,950 ರೂಪಾಯಿ ಅಷ್ಟೇ. ರೈತನ ಬೆವರು ಎರಡೂ ದಿನ ಒಂದೇ, ಕೇಸಿನ ತೂಕ ಮಾತ್ರ ಬೇರೆ.

ಬೋರ್‌ವೆಲ್ ಕೇಬಲ್ಲಿನ ಲೆಕ್ಕ ನೋಡಿ. ಸ್ಟಾರ್ಟರಿನಿಂದ ಬೋರಿನವರೆಗಿನ 30 ಮೀಟರ್ ಉದ್ದದ, ಮೂರು ಎಳೆಯ 6 ಚದರ ಮಿ.ಮೀ. ಕೇಬಲ್ಲಿನಲ್ಲಿ ಸುಮಾರು 4.8 ಕೆ.ಜಿ. ತಾಮ್ರವಿರುತ್ತದೆ. ಗುಜರಿಯಲ್ಲಿ ಕೆ.ಜಿ.ಗೆ 500 ರೂಪಾಯಿ ಎಂದುಕೊಂಡರೆ ಕಳ್ಳನಿಗೆ ಸಿಗುವುದು 2,400 ರೂಪಾಯಿ. ಹೊಸ ಕೇಬಲ್ ಮೀಟರಿಗೆ 200 ರೂಪಾಯಿ ಎಂದುಕೊಂಡರೆ ರೈತನಿಗಾಗುವ ನಷ್ಟ 6,000 ರೂಪಾಯಿ. ಒಂದೇ ಕೇಬಲ್ಲಿನ ಎರಡು ಬೆಲೆಗಳು 5,000ದ ಆಚೆ ಈಚೆ ನಿಲ್ಲುತ್ತವೆ. ಹಾಗಾಗಿ ಕೊಂಡಾಗಿನ ಬಿಲ್ಲು ಮನೆಯಲ್ಲಿರಬೇಕು, ದೂರಿನಲ್ಲಿ ಉದ್ದ, ಅಳತೆ, ಬೆಲೆ ಮೂರನ್ನೂ ಬರೆಸಬೇಕು.

ಜಾಗ ಬದಲಾದರೆ 3 ವರ್ಷ 7 ಆಗುತ್ತದೆ

ಬಯಲು ಹೊಲದಿಂದ ಕದ್ದರೆ 303ನೇ ಕಲಂ. ವಾಸದ ಮನೆ ಅಥವಾ ಸಾಮಾನು ಇಡುವ ಕಟ್ಟಡದಿಂದ ಕದ್ದರೆ, ಇಲ್ಲವೇ ಸರಕು ಸಾಗಿಸುವ ವಾಹನದಿಂದ ಎತ್ತಿದರೆ 305ನೇ ಕಲಂ: 7 ವರ್ಷದವರೆಗೆ ಜೈಲು ಮತ್ತು ದಂಡ. ಸಮುದಾಯ ಸೇವೆಯ ರಿಯಾಯಿತಿ ಇಲ್ಲಿಲ್ಲ. ತೋಟದಲ್ಲಿದ್ದ ಟೊಮೆಟೊ ಲಾರಿ ಹತ್ತಿದ ಮೇಲೆ ಕಳುವಾದರೆ ಗರಿಷ್ಠ ಶಿಕ್ಷೆ ಎರಡು ಪಟ್ಟಿಗೂ ಹೆಚ್ಚಾಗುತ್ತದೆ.

ಆದರೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗೆ ವಿಧಿಸಲು ಅಧಿಕಾರವಿರುವುದು 3 ವರ್ಷದವರೆಗೆ ಮಾತ್ರ. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಕಡತವನ್ನು ಮುಖ್ಯ ನ್ಯಾಯಿಕ ದಂಡಾಧಿಕಾರಿಗೆ ಕಳಿಸಬೇಕು. ಅವರ ಮಿತಿ 7 ವರ್ಷ. ಪ್ರಥಮ ದರ್ಜೆ ದಂಡಾಧಿಕಾರಿ ಹಾಕಬಹುದಾದ ದಂಡದ ಮಿತಿ ಮಾತ್ರ 10,000ದಿಂದ 50,000 ರೂಪಾಯಿಗೆ ಏರಿದೆ.

ಕೊಂಡವನ ಲೆಕ್ಕ

ಕದ್ದ ಮಾಲೆಂದು ತಿಳಿದೂ ಕೊಂಡವನಿಗೆ 317(2)ನೇ ಕಲಂ: 3 ವರ್ಷದವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. 4,500 ರೂಪಾಯಿಯ ಮಾಲು ಕದ್ದವನಿಗೆ ಸಮುದಾಯ ಸೇವೆಯ ಅವಕಾಶವಿದೆ. ಅದನ್ನೇ ಕೊಂಡವನಿಗೆ ಆ ಅವಕಾಶ ಬರೆದಿಲ್ಲ. ಕದ್ದ ಮಾಲಿನ ವ್ಯಾಪಾರವನ್ನೇ ಕಸುಬು ಮಾಡಿಕೊಂಡವನಿಗೆ 10 ವರ್ಷ ಅಥವಾ ಜೀವಾವಧಿಯವರೆಗೂ ಆಗಬಹುದು.

ಸಾಬೀತು ಮಾಡುವುದೇ ಕಷ್ಟ. ಮಾಲು ಆತನ ಬಳಿ ಇತ್ತು, ಅದಕ್ಕೆ ಮೊದಲು ಬೇರೆಯವರ ಬಳಿ ಇತ್ತು, ಅದು ಕದ್ದದ್ದೆಂದು ಆತನಿಗೆ ಗೊತ್ತಿತ್ತು: ಮೂರೂ ರುಜುವಾತಾಗಬೇಕು. 2022ರಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿತು. ಮಹಜರಿಗೆ ಸಹಿ ಹಾಕಿದ ಪಂಚರು ಕಟಕಟೆಯಲ್ಲಿ ತಿರುಗಿಬಿದ್ದರೆ, ಗುರುತಿಲ್ಲದ ತಾಮ್ರದ ತಂತಿ ಯಾರದೆಂದು ಹೇಳುವವರೇ ಇರುವುದಿಲ್ಲ.

ಕಾನೂನಿಗೆ 14 ದಿನ, ಗೂಡಿಗೆ 10

ವಶಪಡಿಸಿಕೊಂಡ ಮಾಲು ನ್ಯಾಯಾಲಯದ ಮುಂದೆ ಬಂದ 14 ದಿನದೊಳಗೆ ಅದರ ವಿವರಪಟ್ಟಿ ಸಿದ್ಧವಾಗಬೇಕು, ಫೋಟೊ ತೆಗೆಸಬೇಕು. ಅದಾಗಿ 30 ದಿನದೊಳಗೆ ಮಾಲು ಯಾರಿಗೆ ಎಂಬ ಆದೇಶವಾಗಬೇಕು. ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ಹೇಳುವುದು ಇದನ್ನೇ. ಒಟ್ಟು 44 ದಿನ. ಫೋಟೊವೇ ಸಾಕ್ಷ್ಯವಾಗುವುದರಿಂದ ಮಾಲು ಠಾಣೆಯಲ್ಲಿ ತುಕ್ಕು ಹಿಡಿಯಬೇಕಿಲ್ಲ. 2002ರಲ್ಲೇ ಸುಪ್ರೀಂ ಕೋರ್ಟ್, ಮಾಲು ಹದಿನೈದು ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಕಾಲ ಠಾಣೆಯಲ್ಲಿ ಉಳಿಯಬಾರದು ಎಂದಿತ್ತು.

ಮೋಟಾರು, ಬೈಕು, ಒಡವೆಗೆ 44 ದಿನ ಸಾಕು. ಶಿಡ್ಲಘಟ್ಟದ ರೇಷ್ಮೆಗೂಡಿಗೆ ಸಾಲದು. ಬಿಡಿಸಿದ ಹಸಿಗೂಡಿನಿಂದ ಸುಮಾರು 10 ದಿನದೊಳಗೆ ಚಿಟ್ಟೆ ಹೊರಬರುತ್ತದೆ. ಚಿಟ್ಟೆ ತೂತು ಮಾಡಿದ ಗೂಡಿನಿಂದ ಎಳೆ ಬಿಚ್ಚಲಾಗದು, ರೀಲರ್ ಅದನ್ನು ಮುಟ್ಟುವುದಿಲ್ಲ. ವಿವರಪಟ್ಟಿಯ ಗಡುವು ಮುಗಿಯುವ ಮೊದಲೇ ಮಾಲು ಕೆಟ್ಟಿರುತ್ತದೆ. ಬೇಗ ಕೆಡುವ ವಸ್ತುವನ್ನು ಮಾರಿಸುವ ಅಧಿಕಾರ ಅದೇ ಕಲಮಿನಲ್ಲಿದೆ. ಗೂಡಾಗಲಿ ಟೊಮೆಟೊ ಆಗಲಿ, ಸಿಕ್ಕ ಮೊದಲ ಕೆಲಸದ ದಿನವೇ ಮಾಲೀಕರು ಆ ಅರ್ಜಿ ಹಾಕಬೇಕು.

ಬಿಡುಗಡೆ ಎಂಬ ಅಂಕಿಯೊಳಗೆ

ಸಾಧಾರಣ ಕಳವು ಮತ್ತು ಕದ್ದ ಮಾಲು ಕೊಂಡ ಕೇಸುಗಳನ್ನು ಮಾಲೀಕರು ಒಪ್ಪಿದರೆ ರಾಜಿಯಲ್ಲಿ ಮುಗಿಸಬಹುದು. ರಾಜಿಯಾದರೆ ಕಾನೂನಿನ ಕಣ್ಣಲ್ಲಿ ಅದು ಖುಲಾಸೆ. ಹಾಗಾಗಿ ಖುಲಾಸೆಯ ಸಂಖ್ಯೆಯೊಳಗೆ ಸಾಕ್ಷ್ಯ ಬಿದ್ದುಹೋದ ಕೇಸುಗಳೂ, ಮಾಲು ಮರಳಿ ಸಿಕ್ಕು ಮುಗಿದ ಕೇಸುಗಳೂ ಒಟ್ಟಿಗೆ ಇರುತ್ತವೆ.

ಜೈಲಿನಲ್ಲಿರುವ ಆರೋಪಿಗೂ ಲೆಕ್ಕವಿದೆ. ಈ ಹಿಂದೆ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಿಡುಗಡೆಗೆ ಅರ್ಹ: 3 ವರ್ಷದ ಕೇಸಿಗೆ 12 ತಿಂಗಳು, 7 ವರ್ಷದ ಕೇಸಿಗೆ 28 ತಿಂಗಳು. ಆದರೆ ಒಂದಕ್ಕಿಂತ ಹೆಚ್ಚು ಕೇಸು ಬಾಕಿಯಿದ್ದರೆ ಈ ಸೌಲಭ್ಯವಿಲ್ಲ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗಬೇಕೆಂಬುದು 1987ರ ಕಾನೂನು ಸೇವೆಗಳ ಕಾಯಿದೆ.

ಜಿಲ್ಲೆಯ ಜನರಿಗೆ ವರ್ಷಕ್ಕೊಮ್ಮೆ ನಾಲ್ಕು ಅಂಕಿ ಸಿಗಬೇಕು: ಕಳುವಾದ ಮಾಲಿನ ಬೆಲೆ, ಸಿಕ್ಕಿದ್ದು, ಮಾಲೀಕರ ಕೈ ಸೇರಿದ್ದು, ಅದಕ್ಕೆ ಹಿಡಿದ ದಿನಗಳು. ಈ ನಾಲ್ಕೂ ಠಾಣೆಯ ಹೊರಗಿನ ಫಲಕದಲ್ಲಿ, ತಾಲ್ಲೂಕುವಾರು ಬರಲಿ. 44 ದಿನದ ಗಡುವು ಎಲ್ಲಿ ಪಾಲನೆಯಾಗುತ್ತಿದೆ, ಎಲ್ಲಿ ಇಲ್ಲ ಎಂದು ಆಗ ರೈತರೇ ಕೇಳಬಲ್ಲರು.