ಲಾಗಿನ್ ಆಗ್ತಿಲ್ವಾ? ಫಾರ್ಮ್ಯಾಟ್ ಹೊಡೆಯೋ ಮುಂಚೆ ಒಂದ್ನಿಮಿಷ

ಹೋದ ಸೆಮಿಸ್ಟರ್‌ನ ಮಾತು. ಮರುದಿನ ಬೆಳಗ್ಗೆ ಪ್ರಾಜೆಕ್ಟ್ ಡೆಮೊ. ಮೆಸ್‌ನಲ್ಲಿ ಊಟ ಮುಗಿಸಿ ಬಂದು ನೋಡಿದರೆ, ಕೋಡ್ ಇದ್ದ ಉಬುಂಟು ಲ್ಯಾಪ್‌ಟಾಪ್ ಲಾಕ್ ಸ್ಕ್ರೀನ್ ಬಿಟ್ಟು ಮುಂದಕ್ಕೆ ಹೋಗ್ತಿಲ್ಲ. ಪಾಸ್‌ವರ್ಡ್ ಹಾಕಿದರೆ ತಪ್ಪು ಅನ್ನುತ್ತೆ. ನಿಧಾನವಾಗಿ ಹಾಕಿದರೂ ತಪ್ಪು. ನಾವು ನಾಲ್ಕೂ ಜನ ಸರದಿ ಮೇಲೆ ಹಾಕಿ ನೋಡಿದ್ವಿ. ಪಕ್ಕದ ರೂಮಿಂದ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಸುಮ್ನೆ ಫಾರ್ಮ್ಯಾಟ್ ಹೊಡೀರೋ."

ಪೆನ್‌ಡ್ರೈವ್ ಕೂಡ ಚುಚ್ಚಿಯಾಗಿತ್ತು. ಅಷ್ಟರಲ್ಲಿ ನಮ್ಮಲ್ಲೊಬ್ಬನ ಕಣ್ಣು ಪರದೆಯ ಮೂಲೆಗೆ ಬಿತ್ತು. 'ಇಎನ್' ಇರಬೇಕಾದ ಕಡೆ 'ಕೆಎನ್' ಅಂತಿತ್ತು. ಸಂಜೆ ಇದೇ ಪತ್ರಿಕೆಗೆ ಲೇಖನ ಟೈಪ್ ಮಾಡಿ, ಕೀಬೋರ್ಡನ್ನು ಕನ್ನಡದಲ್ಲೇ ಬಿಟ್ಟಿದ್ವಿ! ಪಾಸ್‌ವರ್ಡ್ ಜಾಗದಲ್ಲಿ ಕಾಣೋದು ಬರೀ ಚುಕ್ಕೆ. ಚುಕ್ಕೆ ಯಾವ ಭಾಷೆಯದು ಅಂತ ಯಾರಿಗೆ ಗೊತ್ತಾಗುತ್ತೆ? ಸೂಪರ್ ಮತ್ತು ಸ್ಪೇಸ್ ಕೀ ಒಟ್ಟಿಗೆ ಒತ್ತಿದ್ವಿ, ಪಾಸ್‌ವರ್ಡ್ ಹಾಕಿದ್ವಿ, ಬಾಗಿಲು ತೆಗೀತು.

ಅವತ್ತು ನಮಗೆ ಗೊತ್ತಾಗಿದ್ದು ಇಷ್ಟು: 'ಲಾಕ್ ಆಗಿದೆ' ಅನ್ನೋದು ಜ್ವರ ಇದ್ದ ಹಾಗೆ. ಅದು ಲಕ್ಷಣ, ಕಾಯಿಲೆ ಬೇರೆ ಇರುತ್ತೆ. ಲಿನಕ್ಸ್‌ನಲ್ಲಿ ಆ ಕಾಯಿಲೆಗಳು ಯಾವುವು, ಒಂದೊಂದಾಗಿ ನೋಡೋಣ.

ಬೀಗ ಯಾವುದು?

ಮೊದಲು ಕ್ಯಾಪ್ಸ್ ಲಾಕ್ ಮತ್ತು ಕೀಬೋರ್ಡ್ ಭಾಷೆ ನೋಡಿ. ನಗಬೇಡಿ, ನಾವು ಬಿದ್ದಿದ್ದು ಅಲ್ಲೇ.

ಪಾಸ್‌ವರ್ಡ್ ತಪ್ಪು ಅನ್ನದೆ, ಒಂದು ಕ್ಷಣ ಪರದೆ ಕಪ್ಪಾಗಿ ಮತ್ತೆ ಲಾಗಿನ್‌ಗೇ ವಾಪಸ್ ಬರ್ತಿದೆಯಾ? ಹಾಗಾದರೆ ಅಕೌಂಟ್ ಲಾಕ್ ಆಗಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಅಕ್ಷರಗಳ ಟರ್ಮಿನಲ್ ಬರುತ್ತೆ. ಅಲ್ಲಿ ಲಾಗಿನ್ ಆದರೆ 'ಡಿಎಫ್ -ಎಚ್' ಕೊಟ್ಟು ನೋಡಿ. ಡಿಸ್ಕ್ 100% ತುಂಬಿದ್ದರೂ ಹೀಗಾಗುತ್ತೆ. ಡೌನ್‌ಲೋಡ್ಸ್ ಫೋಲ್ಡರ್‌ನ ಒಂದೆರಡು ಸಿನಿಮಾ ಅಳಿಸಿದರೆ ಸಾಕಾಗಬಹುದು.

ಮೂರನೆಯದು ಸಮಯದ ಬೀಗ. ಲಿನಕ್ಸ್‌ನಲ್ಲಿ 'ಫೇಲ್‌ಲಾಕ್' ಅನ್ನೋ ಮಾಡ್ಯೂಲ್ ಇದೆ. ಅದರ ಡೀಫಾಲ್ಟ್ ಲೆಕ್ಕ: 15 ನಿಮಿಷದೊಳಗೆ 3 ಸಲ ತಪ್ಪಿದರೆ 10 ನಿಮಿಷ ಬಾಗಿಲು ಬಂದ್. ಆರ್ಚ್‌ನಲ್ಲಿ ಇದು ಮೊದಲಿಂದಲೇ ಇರುತ್ತೆ, ಉಬುಂಟುವಿನಲ್ಲಿ ಬೇಕಾದರೆ ನಾವೇ ಹಾಕಿಕೊಳ್ಳಬೇಕು. ಈ ಹೊತ್ತಲ್ಲಿ ಸರಿಯಾದ ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಡೋದಿಲ್ಲ. ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬರೋದೇ ಪರಿಹಾರ.

ನಾಲ್ಕನೆಯದು ಅಡ್ಮಿನ್ ಹಾಕಿದ ಬೀಗ. '/ಇಟಿಸಿ/ಶ್ಯಾಡೋ' ಫೈಲ್‌ನಲ್ಲಿ ಪಾಸ್‌ವರ್ಡ್ ಇರೋದಿಲ್ಲ, ಅದರ ಹ್ಯಾಶ್ ಇರುತ್ತೆ. ಲಾಕ್ ಮಾಡೋದು ಅಂದರೆ ಆ ಹ್ಯಾಶ್‌ನ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಸೇರಿಸೋದು, ಅಷ್ಟೆ! ಆಮೇಲೆ ಯಾವ ಪಾಸ್‌ವರ್ಡ್ ಹಾಕಿದರೂ ತಾಳೆ ಆಗೋದಿಲ್ಲ. ಚಿಹ್ನೆ ತೆಗೆದರೆ ಹಳೇ ಪಾಸ್‌ವರ್ಡೇ ಕೆಲಸ ಮಾಡುತ್ತೆ. ಇದು ನಿಲ್ಲಿಸೋದು ಪಾಸ್‌ವರ್ಡನ್ನು ಮಾತ್ರ, ಎಸ್‌ಎಸ್‌ಎಚ್ ಕೀ ಇದ್ದವರು ಆಗಲೂ ಒಳಗೆ ಬರಬಹುದು.

ನಿಜವಾಗ್ಲೂ ಮರೆತಿದ್ದರೆ

ಹ್ಯಾಶ್‌ನಿಂದ ಪಾಸ್‌ವರ್ಡನ್ನು ಹಿಂದಕ್ಕೆ ತೆಗೆಯೋಕೆ ಆಗೋದಿಲ್ಲ. ರುಬ್ಬಿದ ಹಿಟ್ಟಿನಿಂದ ಅಕ್ಕಿ ವಾಪಸ್ ಬರುತ್ತಾ? ಹಾಗಾಗಿ ಹಳೆಯದನ್ನು ಹುಡುಕೋದಲ್ಲ, ಹೊಸದನ್ನು ಬರೆಯೋದು.

ಉಬುಂಟುವಿನಲ್ಲಿ ಆನ್ ಮಾಡುವಾಗ ಎಸ್ಕೇಪ್ ಕೀ ಒತ್ತಿದರೆ (ಹಳೇ ಬಯೋಸ್ ಯಂತ್ರಗಳಲ್ಲಿ ಶಿಫ್ಟ್ ಹಿಡಿದುಕೊಂಡರೆ) ಗ್ರಬ್ ಮೆನು ಬರುತ್ತೆ. ಅಡ್ವಾನ್ಸ್ಡ್ ಆಪ್ಷನ್ಸ್, ಆಮೇಲೆ ರಿಕವರಿ ಮೋಡ್, ಅಲ್ಲಿ 'ರೂಟ್' ಆರಿಸಿ. ಉಬುಂಟುವಿನಲ್ಲಿ ರೂಟ್‌ಗೆ ಸಾಮಾನ್ಯವಾಗಿ ಪಾಸ್‌ವರ್ಡ್ ಇಟ್ಟಿರೋದಿಲ್ಲ, ಆದ್ದರಿಂದ ಎಂಟರ್ ಒತ್ತಿದರೆ ಒಳಗೆ ಬಿಡುತ್ತೆ.

ಬಹಳ ಜನ ಎಡವೋದು ಇಲ್ಲಿಂದ ಮುಂದೆ. ಆಗ ಡಿಸ್ಕ್ ಓದೋದಕ್ಕೆ ಮಾತ್ರ ತೆರೆದಿರಬಹುದು. ಬರೆಯೋಕೆ ಅನುಮತಿ ಇಲ್ಲದೆ ಪಾಸ್‌ವರ್ಡ್ ಬದಲಿಸಲು ಹೋದರೆ 'ಅಥೆಂಟಿಕೇಶನ್ ಟೋಕನ್ ಮ್ಯಾನಿಪ್ಯುಲೇಶನ್ ಎರರ್' ಅಂತ ಬೈಸಿಕೊಳ್ಳಬೇಕು. ಮೊದಲು 'ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯು /' ಕೊಡಿ. ಆಮೇಲೆ 'ಪಾಸ್‌ಡಬ್ಲ್ಯುಡಿ' ಕಮಾಂಡಿನ ಮುಂದೆ ನಿಮ್ಮ ಯೂಸರ್‌ನೇಮ್ ಬರೆದು, ಹೊಸ ಪಾಸ್‌ವರ್ಡ್ ಎರಡು ಸಲ ಕೊಟ್ಟು, ರೀಬೂಟ್ ಮಾಡಿ. ಟೈಪ್ ಮಾಡುವಾಗ ಚುಕ್ಕೆ ಕೂಡ ಕಾಣೋದಿಲ್ಲ, ಗಾಬರಿ ಬೇಡ. ಒಳಗೆ ಹೋದ ಮೇಲೆ 'ಕೀರಿಂಗ್' ಹಳೇ ಪಾಸ್‌ವರ್ಡ್ ಕೇಳಬಹುದು. ಅದು ನೆನಪಿಲ್ಲದಿದ್ದರೆ ಅದರಲ್ಲಿ ಉಳಿಸಿದ್ದ ಗುಟ್ಟುಗಳ ಆಸೆ ಬಿಟ್ಟು, ಹೊಸ ಕೀರಿಂಗ್ ಮಾಡಿಕೊಳ್ಳಬೇಕು.

ಇಷ್ಟು ಸುಲಭಾನಾ?

ಹೌದು, ಭಯ ಆಗಬೇಕಾದ್ದೂ ಅಲ್ಲೇ. ನಿಮ್ಮ ಲ್ಯಾಪ್‌ಟಾಪ್ ಐದು ನಿಮಿಷ ಕೈಗೆ ಸಿಕ್ಕವರು ಯಾರು ಬೇಕಾದರೂ ಇದನ್ನೇ ಮಾಡಬಹುದು. ಲಾಗಿನ್ ಪಾಸ್‌ವರ್ಡ್ ಬಾಗಿಲಿನ ಚಿಲಕ ಮಾತ್ರ. ಒಳಗಿನ ಪೆಟ್ಟಿಗೆಗೆ ಬೀಗ ಬೇಕಿದ್ದರೆ ಡಿಸ್ಕ್ ಎನ್‌ಕ್ರಿಪ್ಟ್ ಮಾಡಬೇಕು. ಅದಕ್ಕೆ ಲಿನಕ್ಸ್‌ನಲ್ಲಿ ಲಕ್ಸ್ ಇದೆ, ವಿಂಡೋಸ್‌ನಲ್ಲಿ ಬಿಟ್‌ಲಾಕರ್.

ಆದರೆ ಆ ಬೀಗಕ್ಕೆ ಮೇಲೆ ಹೇಳಿದ ಯಾವ ಉಪಾಯವೂ ನಡೆಯೋದಿಲ್ಲ. ಕೀಲಿ ಕಳೆದರೆ ಡೇಟಾ ಹೋಯ್ತು ಅಂತಲೇ ಲೆಕ್ಕ. ಅದಕ್ಕೇ ಇವತ್ತು, ಲಾಗಿನ್ ಆಗಿರುವಾಗಲೇ, ಎರಡನೇ ಕೀಲಿ ಮಾಡಿಡಿ. ಲಕ್ಸ್‌ನ ಎರಡನೇ ಆವೃತ್ತಿಯಲ್ಲಿ 32 ಕೀಲಿಗಳವರೆಗೆ ಜಾಗ ಇದೆ. ಬಿಟ್‌ಲಾಕರ್ ಆದರೆ 48 ಅಂಕಿಯ ರಿಕವರಿ ಕೀ ಇರುತ್ತೆ. ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಉಳಿದಿದೆಯಾ ಅಂತ ನೋಡಿ, ಒಂದು ಕಾಗದದಲ್ಲೂ ಬರೆದಿಡಿ.

ಇನ್ನೊಂದು ಮಾತು. ಇದೆಲ್ಲ ನಿಮ್ಮ ಸ್ವಂತ ಯಂತ್ರಕ್ಕೆ ಮಾತ್ರ. ಲ್ಯಾಬ್ ಸಿಸ್ಟಮ್ ಆದರೆ ಲ್ಯಾಬ್ ನೋಡಿಕೊಳ್ಳುವವರನ್ನು ಕೇಳಿ. ದುರುದ್ದೇಶದಿಂದ ಬೇರೆಯವರ ಕಂಪ್ಯೂಟರಿಗೆ ಅನುಮತಿ ಇಲ್ಲದೆ ನುಗ್ಗಿದರೆ, 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಅವತ್ತಿನ ಡೆಮೊ ಆಯ್ತು. ಫಾರ್ಮ್ಯಾಟ್ ಹೊಡೆದಿದ್ದರೆ ನಾಲ್ಕು ತಿಂಗಳ ಕೆಲಸ ಒಂದು 'ಕೆಎನ್'ಗೋಸ್ಕರ ಹೋಗ್ತಿತ್ತು. ಈಗ ಪ್ರತಿ ಸಂಜೆ ಕೋಡನ್ನು ಗಿಟ್‌ಗೆ ಪುಶ್ ಮಾಡಿಯೇ ಮೆಸ್‌ಗೆ ಹೋಗ್ತೀವಿ. ಪತ್ರಿಕೆಯ ಲೇಖನ ಮಾತ್ರ ಇವತ್ತಿಗೂ ಅದೇ ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡ್ತೀವಿ, ಇದನ್ನೂ ಸೇರಿಸಿ.