ಫ್ರಿಜ್ಜಿನ ಗ್ಯಾಸ್ ಕಲಿಸುವ ಪಾಠ

ಬೇಸಿಗೆ ಬಂತೆಂದರೆ ಮನೆಯ ಫ್ರಿಜ್ಜಿಗೆ ಬಿಡುವಿಲ್ಲ. ಒಳಗಿನ ಶಾಖವನ್ನು ಹೀರಿ ಹೊರಗೆ ಬಿಡುವುದು ಅದರ ಕೊಳವೆಗಳಲ್ಲಿ ಸುತ್ತುವ ಒಂದು ಅನಿಲ. ಕಳೆದ ಕೆಲವು ದಶಕಗಳಲ್ಲಿ ಈ ಅನಿಲ ಎರಡು ಬಾರಿ ಬದಲಾಗಿದೆ. ಶಿಕ್ಷಣ, ಸಂಶೋಧನೆ ಮತ್ತು ಕಾನೂನು ಹೇಗೆ ಒಂದನ್ನೊಂದು ಅವಲಂಬಿಸಿವೆ ಎಂಬುದಕ್ಕೆ ಇದೇ ಒಳ್ಳೆಯ ನಿದರ್ಶನ.

ಹಳೆಯ ಫ್ರಿಜ್ಜುಗಳಲ್ಲಿದ್ದುದು ಸಿಎಫ್‌ಸಿ ಎಂಬ ಅನಿಲ. ಅದು ಹೊತ್ತಿಕೊಳ್ಳುವುದಿಲ್ಲ, ವಿಷಕಾರಿಯೂ ಅಲ್ಲ. ಆದ್ದರಿಂದ ಬಹುಕಾಲ ಯಾರೂ ಅದನ್ನು ಸಂಶಯಿಸಲಿಲ್ಲ. ಆಗಷ್ಟೇ ಡಾಕ್ಟರೇಟ್ ಮುಗಿಸಿದ್ದ ಮೆಕ್ಸಿಕೋದ ಮಾರಿಯೋ ಮೊಲಿನಾ 1973ರಲ್ಲಿ ಅಮೆರಿಕದ ಪ್ರಾಧ್ಯಾಪಕ ಶೆರ್ವುಡ್ ರೋಲೆಂಡ್ ಅವರ ಜೊತೆ ಸೇರಿ ಒಂದು ಸರಳ ಪ್ರಶ್ನೆಯನ್ನು ಕೈಗೆತ್ತಿಕೊಂಡರು: ಗಾಳಿಗೆ ಸೇರಿದ ಈ ಅನಿಲ ಕೊನೆಗೆ ಏನಾಗುತ್ತದೆ?

ಮರುವರ್ಷ ಉತ್ತರ ಪ್ರಕಟವಾಯಿತು. ಸಿಎಫ್‌ಸಿ ಮೇಲಿನ ಸ್ತರಗೋಳಕ್ಕೇರಿ ಅತಿನೇರಳೆ ಕಿರಣಗಳಿಂದ ಒಡೆಯುತ್ತದೆ. ಆಗ ಹೊರಬೀಳುವ ಒಂದೊಂದು ಕ್ಲೋರಿನ್ ಪರಮಾಣುವೂ ಸಾವಿರಾರು ಓಜೋನ್ ಅಣುಗಳನ್ನು ನಾಶ ಮಾಡಬಲ್ಲದು! 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಓಜೋನ್ ತೀವ್ರವಾಗಿ ಕುಸಿದಿರುವುದನ್ನು ವರದಿ ಮಾಡಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಮೊಲಿನಾ ಮತ್ತು ರೋಲೆಂಡ್ ಅವರು ಪಾಲ್ ಕ್ರುಟ್ಜೆನ್ ಜೊತೆ 1995ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಮತ್ತೊಂದು ತೊಡಕು

ಕಾನೂನು ಬಂದೊಡನೆ ಕಾರ್ಖಾನೆಗಳು ಬದಲಿ ಅನಿಲ ಹುಡುಕಿದವು. ಆರ್-134ಎ ಬಂತು. ಅದರಲ್ಲಿ ಕ್ಲೋರಿನ್ ಇಲ್ಲ; ಓಜೋನ್ ಪದರಕ್ಕೆ ಅಪಾಯವಿಲ್ಲ. ಆದರೆ ಶಾಖವನ್ನು ಹಿಡಿದಿಡುವುದರಲ್ಲಿ, ನೂರು ವರ್ಷಗಳ ಲೆಕ್ಕದಲ್ಲಿ, ಒಂದು ಕಿಲೋ ಆರ್-134ಎ ಸಾವಿರ ಕಿಲೋ ಇಂಗಾಲದ ಡೈಆಕ್ಸೈಡನ್ನೂ ಮೀರಿಸುತ್ತದೆ. ಒಂದು ರಂಧ್ರ ಮುಚ್ಚಲು ಹೋಗಿ ಭೂಮಿಗೆ ಕಂಬಳಿ ಹೊದಿಸಿದಂತಾಯಿತು.

ಹೀಗಾಗಿ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದಕ್ಕೆ ತಿದ್ದುಪಡಿಯಾಯಿತು. 2021ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಇಂಥ ಅನಿಲಗಳ ಬಳಕೆಯನ್ನು 2032ರಿಂದ ಹಂತಹಂತವಾಗಿ ಇಳಿಸಿ, 2047ರ ವೇಳೆಗೆ ಶೇ 85ರಷ್ಟು ತಗ್ಗಿಸಬೇಕು.

ಇಂದು ಅನೇಕ ಹೊಸ ಫ್ರಿಜ್ಜುಗಳಲ್ಲಿ ಆರ್-600ಎ, ಅಂದರೆ ಐಸೋಬ್ಯೂಟೇನ್ ಇದೆ. ಅದು ಭೂಮಿಯನ್ನು ಬಿಸಿ ಮಾಡುವುದು ಅತ್ಯಲ್ಪ. ಆದರೆ ಅಡುಗೆ ಅನಿಲದ ಹತ್ತಿರದ ನೆಂಟನಾದ ಅದು ಬೇಗ ಹೊತ್ತಿಕೊಳ್ಳುತ್ತದೆ!

ಮೆಕ್ಯಾನಿಕ್ ಕೈಯಲ್ಲಿ

ಇಲ್ಲಿ ಶಿಕ್ಷಣ ಮತ್ತೆ ಮುಖ್ಯವಾಗುತ್ತದೆ. ಕೊಳವೆ ಕತ್ತರಿಸಿ ಗ್ಯಾಸನ್ನು ಗಾಳಿಗೆ ಬಿಟ್ಟು, ಬೆಂಕಿಯಿಂದ ಬೆಸುಗೆ ಹಾಕುವುದು ರಿಪೇರಿಯ ಹಳೆಯ ರೂಢಿ. ಆರ್-134ಎ ಇದ್ದರೆ ಇದು ಹವಾಮಾನಕ್ಕೆ ಹಾನಿ. ಐಸೋಬ್ಯೂಟೇನ್ ಇದ್ದರೆ ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. ದೂರದ ಕಿಗಾಲಿಯಲ್ಲಿ ಬರೆದ ಕಾನೂನು ಜಾರಿಯಾಗಬೇಕಾದದ್ದು ಬೀದಿ ಬದಿಯ ರಿಪೇರಿ ಅಂಗಡಿಯ ಹುಡುಗನ ಕೈಯಲ್ಲಿ. ಅವನಿಗೆ ಹೊಸ ಪಾಠ ಸಿಗದಿದ್ದರೆ ವಿಜ್ಞಾನಿಯ ಶ್ರಮವೂ ಸರ್ಕಾರದ ಸಹಿಯೂ ವ್ಯರ್ಥ. ಆದ್ದರಿಂದ ಮಗ ಅಥವಾ ಮಗಳು ಐಟಿಐ ಸೇರಿ ಈ ವಿದ್ಯೆ ಕಲಿಯುತ್ತೇನೆಂದರೆ ಪೋಷಕರು ಅದನ್ನು ಕೀಳೆಂದು ತಿಳಿಯಬಾರದು.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಫ್ರಿಜ್ಜಿಗೆ ಅಂಟಿಸಿರುವ ಚೀಟಿಯನ್ನು ಓದಿ, ಅದರಲ್ಲಿ ಯಾವ ಅನಿಲವಿದೆ ಎಂದು ನೋಡಿ. ಮುಂದಿನ ಸಲ ರಿಪೇರಿಗೆ ಬಂದವರನ್ನು ವಿನಯದಿಂದಲೇ ಕೇಳಿ: ಹಳೆಯ ಗ್ಯಾಸ್ ಎಲ್ಲಿಗೆ ಹೋಗುತ್ತದೆ? ಮೊಲಿನಾ ಅವರು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.